ಇಎಂಸಿ ಮಿತಿಗಿಂತ ಎಷ್ಟು ಡಿಬಿ ಕೆಳಗಿದ್ದರೆ ಸಾಕು? ಪಂಪ್ ನಿಗಾ ಪೆಟ್ಟಿಗೆಯ ಪ್ರಗತಿ ಟಿಪ್ಪಣಿ

ಈಥರ್ನೆಟ್ ಸಂಪರ್ಕವುಳ್ಳ ಪಂಪ್ ನಿಗಾ ಪೆಟ್ಟಿಗೆಯ ವಿನ್ಯಾಸ ಈಗ ಇಎಂಸಿ, ಅಂದರೆ ವಿದ್ಯುತ್ಕಾಂತೀಯ ಹೊಂದಾಣಿಕೆಯ, ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸುವ ಹಂತಕ್ಕೆ ಬಂದಿದೆ. ಮನೆಯ ಅಳತೆಯಲ್ಲಿ, ಉಪಕರಣಗಳು ಹೊರಸೂಸುವ ಗದ್ದಲಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಮಾನಕ ಸಿಸ್ಪರ್ 32ರ ಬಿ ವರ್ಗದ (ವಸತಿ ಪರಿಸರದ) ಮಿತಿಗಿಂತ ಎಷ್ಟು ಕೆಳಗಿದ್ದರೆ ಅದನ್ನು ನಿಶ್ಚಿಂತೆಯಿಂದ ಕಳುಹಿಸಬಹುದು ಎಂಬುದನ್ನು ಮೊದಲು ತೀರ್ಮಾನಿಸಬೇಕಿತ್ತು.

ಸಾಮಾನ್ಯವಾಗಿ ಕೇಳಿಬರುವ ಉತ್ತರ 6 ಡಿಬಿ (ಡೆಸಿಬೆಲ್), ಅಂದರೆ ವೋಲ್ಟೇಜಿನ ಲೆಕ್ಕದಲ್ಲಿ ಮಿತಿಯ ಅರ್ಧ. ಈ ಅಂತರ ಯಾವ ಅನಿಶ್ಚಿತತೆಗಾಗಿ ಎಂದು ಕೇಳದೆ ಅದನ್ನು ಎಲ್ಲೆಡೆ ಅನ್ವಯಿಸುವುದು ನನಗೆ ಸರಿಕಾಣುವುದಿಲ್ಲ. ಅಮೆರಿಕದ ಸೇನಾ ಮಾನಕ ಮಿಲ್-ಎಸ್‌ಟಿಡಿ-464 ಸುರಕ್ಷತೆಗೆ ನಿರ್ಣಾಯಕವಾದ ಕಾರ್ಯಗಳಿಗೆ ಕನಿಷ್ಠ 6 ಡಿಬಿ ಅಂತರ ಕೇಳುತ್ತದೆ. ವಿದ್ಯುತ್ತಿನಿಂದ ಸಿಡಿಯುವ ಸ್ಫೋಟಕ ಸಾಧನಗಳ ಸುರಕ್ಷತೆಗೆ ಮಾತ್ರ 16.5 ಡಿಬಿ. ತಪ್ಪಿದರೆ ಆಗುವ ಹಾನಿ ದೊಡ್ಡದಾದಷ್ಟೂ ಅಂತರವೂ ದೊಡ್ಡದು. ನನ್ನ ಪೆಟ್ಟಿಗೆ ತಪ್ಪಿದರೆ ಅಕ್ಕಪಕ್ಕದ ರೇಡಿಯೊಗೆ ಗದ್ದಲ ಸೇರುತ್ತದೆ, ಇಲ್ಲವೇ ಪರೀಕ್ಷಾ ಶುಲ್ಕವನ್ನು ಮತ್ತೊಮ್ಮೆ ಕಟ್ಟಬೇಕಾಗುತ್ತದೆ.

ವಿದ್ಯುತ್ ತಂತಿಯ ಮೂಲಕ ಹೊರಹೋಗುವ ಗದ್ದಲದ ವಿಷಯ ಸುಲಭವಾಗಿಯೇ ಇತ್ಯರ್ಥವಾಯಿತು. 0.5ರಿಂದ 5 ಮೆಗಾಹರ್ಟ್ಸ್‌ವರೆಗೆ ಸರಾಸರಿ ಮಿತಿ 46 ಡಿಬಿ ಮೈಕ್ರೊವೋಲ್ಟ್. ಪೀಕ್ (ಗರಿಷ್ಠ) ಮೌಲ್ಯ ಸರಾಸರಿಗಿಂತ ಎಂದೂ ಕಡಿಮೆಯಾಗದಿರುವುದರಿಂದ, ಪೀಕ್ ಓದುವಿಕೆಯನ್ನೇ ಈ ಮಿತಿಗೆ ಹೋಲಿಸಿದೆ. ಐದು ಬೋರ್ಡುಗಳ ಪೀಕ್ ಓದುವಿಕೆಗಳ ಸರಾಸರಿ 39.2, ಪ್ರಮಾಣಿತ ವಿಚಲನೆ 1.5. ತಯಾರಾಗುವ ಸರಕಿನ ಶೇ. 80ರಷ್ಟು ಮಿತಿಯೊಳಗಿದೆ ಎಂದು ಶೇ. 80ರ ಭರವಸೆಯಿಂದ ಹೇಳಲು ಐದು ಮಾದರಿಗಳಿಗೆ ಸಿಸ್ಪರ್ ನಿಗದಿಪಡಿಸಿರುವ ಗುಣಕ 1.52. ವಿಚಲನೆಯನ್ನು ಅದರಿಂದ ಗುಣಿಸಿ ಸರಾಸರಿಗೆ ಕೂಡಿಸಿದರೆ 41.5 ಬರುತ್ತದೆ. ಉಳಿದ 4.5 ಡಿಬಿ ನನ್ನ ಉಪಕರಣದ ಅನಿಶ್ಚಿತತೆಗೆ ಸಾಕು ಎಂದು ಒಪ್ಪಿಕೊಂಡಿದ್ದೇನೆ.

ವಿಕಿರಣದ, ಅಂದರೆ ಗಾಳಿಯ ಮೂಲಕ ರೇಡಿಯೊ ಅಲೆಯಾಗಿ ಹೊರಹೋಗುವ ಗದ್ದಲದ, ವಿಷಯ ಹೀಗಲ್ಲ. ಪ್ರಯೋಗಾಲಯದ ಅನಿಶ್ಚಿತತೆ, ಅಳತೆಯ ಅನಿಶ್ಚಿತತೆಯ ಮಾನಕವಾದ ಸಿಸ್ಪರ್ 16-4-2 ಕೊಡುವ ಮೌಲ್ಯವನ್ನು ಮೀರದಿದ್ದರೆ ಓದುವಿಕೆಯನ್ನು ನೇರವಾಗಿ ಮಿತಿಗೆ ಹೋಲಿಸಲಾಗುತ್ತದೆ, ಹೆಚ್ಚಿನ ಅಂತರವನ್ನು ಯಾರೂ ಕೇಳುವುದಿಲ್ಲ. ಆದರೆ ಸಾವಿರ ಮೆಗಾಹರ್ಟ್ಸ್‌ವರೆಗಿನ ವಿಕಿರಣಕ್ಕೆ ಆ ಮೌಲ್ಯವೇ 6 ಡಿಬಿಯ ಆಸುಪಾಸಿನಲ್ಲಿದೆ. ಆದ್ದರಿಂದ ಒಂದು ಕಡೆ 3 ಡಿಬಿ ಅಂತರದಲ್ಲಿ ಪಾಸಾದ ಪೆಟ್ಟಿಗೆ ಇನ್ನೊಂದು ಕಡೆ ಫೇಲಾದರೆ ಎರಡೂ ಅಳತೆಗಳು ಪ್ರಾಮಾಣಿಕವೇ ಆಗಿರಬಹುದು. ನನ್ನಲ್ಲಿರುವುದು ಕೇಬಲ್ಲಿಗೆ ಹಾಕುವ ಕರೆಂಟ್ ಕ್ಲಾಂಪ್ ಮಾತ್ರ. ಒಂದು ಮೀಟರ್ ಕೇಬಲ್ಲಿನಲ್ಲಿ 50 ಮೆಗಾಹರ್ಟ್ಸ್‌ನಲ್ಲಿ ಸುಮಾರು 5 ಮೈಕ್ರೊಆಂಪಿಯರ್ ಕಾಮನ್-ಮೋಡ್ ಕರೆಂಟ್ (ಕೇಬಲ್ಲಿನ ಎಲ್ಲ ತಂತಿಗಳಲ್ಲೂ ಒಂದೇ ದಿಕ್ಕಿಗೆ ಹೋಗುವ ಕರೆಂಟ್) ಹರಿದರೆ 3 ಮೀಟರ್ ದೂರದ ಮಿತಿಯನ್ನು ತಲುಪಿದಂತೆ ಎಂಬುದು ಈ ಕ್ಷೇತ್ರದ ರೂಢಿಯ ಅಂದಾಜು. ಕೇಬಲ್ಲಿನ ಉದ್ದ, ಭಂಗಿ, ನೆಲದ ಪ್ರತಿಫಲನ ಇವೆಲ್ಲ ಅದನ್ನು ಬದಲಿಸುವುದರಿಂದ ಇಲ್ಲಿ 10 ಡಿಬಿ ಬೇಕೆಂದು ನಿರ್ಧರಿಸಿ, ಗುರಿಯನ್ನು 1.6 ಮೈಕ್ರೊಆಂಪಿಯರಿಗೆ ಇಳಿಸಿದೆ.

ಬೋರ್ಡಿನ 25 ಮೆಗಾಹರ್ಟ್ಸ್ ಗಡಿಯಾರ ಸಂಕೇತದ (ಕ್ಲಾಕ್) ಐದನೇ ಹಾರ್ಮೋನಿಕ್, ಅಂದರೆ ಅದರ ಐದು ಪಟ್ಟಾದ 125 ಮೆಗಾಹರ್ಟ್ಸ್, 2.4 ಮೈಕ್ರೊಆಂಪಿಯರ್ ತೋರಿಸುತ್ತಿತ್ತು. 6 ಡಿಬಿ ಸೂತ್ರದಂತೆ ಅದು ಪಾಸು, ನನ್ನ ಗುರಿಯಂತೆ ಅಲ್ಲ. ಗಡಿಯಾರದ ಜಾಡಿಗೆ 33 ಓಮಿನ ಸರಣಿ ರೆಸಿಸ್ಟರನ್ನೂ ಕೇಬಲ್ಲಿಗೆ ಗದ್ದಲ ತಗ್ಗಿಸುವ ಫೆರೈಟನ್ನೂ ಸೇರಿಸಿದ ಮೇಲೆ 1.3ಕ್ಕೆ ಇಳಿಯಿತು. ಇನ್ನಷ್ಟು ಇಳಿಸಲು ಶೀಲ್ಡ್ ಡಬ್ಬಿ ಬೇಕಾಗುತ್ತದೆ. ಆ ಖರ್ಚಿಗೆ ಕಾರಣ ಕಾಣದೆ ಅಲ್ಲಿಗೇ ನಿಲ್ಲಿಸಿದ್ದೇನೆ.

ಮುಂದಿನ ಕೆಲಸ ಸ್ಥಿರವಿದ್ಯುತ್ ವಿಸರ್ಜನೆಯ ಪರೀಕ್ಷೆ. 4 ಕಿಲೊವೋಲ್ಟ್ ಸಂಪರ್ಕ ವಿಸರ್ಜನೆಯನ್ನು ತಾಳಿದ ಪೆಟ್ಟಿಗೆ 2 ಕಿಲೊವೋಲ್ಟಿನಲ್ಲಿ ಕೆಲಸ ನಿಲ್ಲಿಸಿ ಸಿಕ್ಕಿಕೊಳ್ಳುವ ಸಾಧ್ಯತೆ ಇರುವುದರಿಂದ, ಅಲ್ಲಿ ಮೇಲಿನ 6 ಕಿಲೊವೋಲ್ಟಿನ ಜೊತೆಗೆ ಕೆಳಗಿನ ಪ್ರತಿಯೊಂದು ಹಂತವನ್ನೂ ಪರೀಕ್ಷಿಸಬೇಕಿದೆ.