ನೋಡಿಲ್ಲ, ಆದರೂ ಇದೆ ಅನ್ನೋದು

ಮಂಗಳವಾರ, 14 ಅಕ್ಟೋಬರ್ 2025, ರಾತ್ರಿ

"ಕಪ್ಪುಕುಳಿ ನಿಜವಾಗ್ಲೂ ಇದೆಯಾ, ಇಲ್ಲ ಬರೀ ಲೆಕ್ಕದಲ್ಲಾ?" ಚಿಕ್ಕವಳ ಪ್ರಶ್ನೆ. "ಫೋಟೊನೇ ಬಂದಿದೆಯಲ್ಲ" ಅಂತ ಅವಳಣ್ಣ ಬಾಯಿ ಹಾಕಿದ. ಅಲ್ಲಿಗೆ ಮಾತು ನಿಂತಿತು. ಆದರೆ ಬೆಳಕನ್ನೂ ಹೊರಬಿಡದ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಇದೆಯಾ ಅನ್ನೋದಕ್ಕೆ ಫೋಟೊ ಉತ್ತರವೇ ಅಲ್ಲ.

2019ರ ಏಪ್ರಿಲ್ 10ರಂದು ಬಂದ ಎಂ87 ಎಂಬ ದೂರದ ಗ್ಯಾಲಕ್ಸಿಯ ಕಪ್ಪುಕುಳಿಯ ಆ ಚಿತ್ರದ ಕಿತ್ತಳೆ ಬಣ್ಣ ಆಮೇಲೆ ಬಳಿದದ್ದು. ದೂರದರ್ಶಕಗಳು ಹಿಡಿದದ್ದು 1.3 ಮಿಲಿಮೀಟರ್ ಅಲೆಯುದ್ದದ ರೇಡಿಯೊ, ಅದಕ್ಕೆಲ್ಲಿಯ ಬಣ್ಣ? ಅಲೆಯುದ್ದವನ್ನು ದೂರದರ್ಶಕಗಳ ನಡುವಿನ ಅಂತರದಿಂದ ಭಾಗಿಸಿದರೆ ಎಷ್ಟು ಸೂಕ್ಷ್ಮವಾಗಿ ಕಾಣುತ್ತದೆಂದು ಗೊತ್ತಾಗುತ್ತದೆ. ಹೆಚ್ಚುಕಡಿಮೆ ಭೂಮಿಯಷ್ಟೇ ಅಗಲಕ್ಕೆ ಹರಡಿ ಕೂತರೂ ಸಿಗುವುದು 20–25 ಮೈಕ್ರೊ ಆರ್ಕ್‌ಸೆಕೆಂಡ್. ಆಕಾಶದಲ್ಲಿ ಅತಿ ಸಣ್ಣ ಕೋನ ಅಳೆಯುವ ಮಾನ ಅದು. ಚಿತ್ರದಲ್ಲಿರುವ ಬೆಳಕಿನ ಉಂಗುರದ ಅಗಲ 42. ಅಂದರೆ ಉಂಗುರದ ಅಡ್ಡಕ್ಕೆ ಎರಡೇ ಚುಕ್ಕೆ! ಮಸುಕಾಗದೆ ಇನ್ನೇನಾದೀತು. ಚಿತ್ರ ಸುಳ್ಳಲ್ಲ, ಆದರೆ ಮೊದಲ ಸಾಕ್ಷಿಯಾಗಿ ಅದನ್ನು ನಿಲ್ಲಿಸಬಾರದು.

ಮೊದಲು ನಿಲ್ಲಿಸಬೇಕಾದದ್ದು ಎಸ್2. ನಮ್ಮ ಗ್ಯಾಲಕ್ಸಿಯ ನಡುವೆ, ಬೆಳಕೇ ಕಾಣದ ಒಂದು ಬಿಂದುವನ್ನು ಈ ನಕ್ಷತ್ರ 16 ವರ್ಷಕ್ಕೊಮ್ಮೆ ಸುತ್ತುತ್ತದೆ. ಕಕ್ಷೆಯ ಅರೆಯುದ್ದ ಭೂಮಿ–ಸೂರ್ಯರ ದೂರದ ಸುಮಾರು 1000 ಪಟ್ಟು. ಕಕ್ಷೆಯ ಅಳತೆ, ಸುತ್ತುವ ಕಾಲಗಳಿಂದ ನಡುವಿನ ದ್ರವ್ಯರಾಶಿ ಹೇಳುವ ಕೆಪ್ಲರನ ಮೂರನೇ ನಿಯಮ ಸಾಕು: ಸಾವಿರದ ಘನ 100 ಕೋಟಿ, 16ರ ವರ್ಗ 256, ಭಾಗಿಸಿದರೆ 39 ಲಕ್ಷ ಸೂರ್ಯರಷ್ಟು ರಾಶಿ. ಅಂಕಿಗಳನ್ನು ಕರಾರುವಾಕ್ಕಾಗಿ ಹಾಕಿದರೆ 43 ಲಕ್ಷದ ಹತ್ತಿರ ಬರುತ್ತದೆ. ಎಡವುವುದು ಎಲ್ಲಿ ಅಂದರೆ, ಆಕಾಶದಲ್ಲಿ ಅಳೆಯುವುದು ಕೋನ. ಅದನ್ನು ಉದ್ದ ಮಾಡಲು ಗ್ಯಾಲಕ್ಸಿಯ ಕೇಂದ್ರ ಎಷ್ಟು ದೂರವೆಂದು ಬೇಕು, ಆ ದೂರ ಘನವಾಗಿ ಬಂದು ಕೂರುತ್ತದೆ. ದೂರದಲ್ಲಿ ಶೇ 5 ತಪ್ಪಿದರೆ ರಾಶಿಯಲ್ಲಿ ಶೇ 15 ತಪ್ಪು.

ಇಷ್ಟಾದರೂ ಅನುಮಾನ ಪಡುವವರು ಅನುಮಾನ ಪಡಬಹುದು. 2018ರ ಮೇನಲ್ಲಿ ಎಸ್2 ಅತಿ ಹತ್ತಿರ ಹಾದುಹೋದದ್ದು ಭೂಮಿ–ಸೂರ್ಯರ ದೂರದ 120 ಪಟ್ಟಿನಲ್ಲಿ. 43 ಲಕ್ಷ ಸೂರ್ಯರ ಕಪ್ಪುಕುಳಿಯ ತ್ರಿಜ್ಯ ಬರೀ 1.3 ಕೋಟಿ ಕಿ.ಮೀ. ನಡುವೆ ಸಾವಿರ ಪಟ್ಟಿಗೂ ಹೆಚ್ಚು ಖಾಲಿ ಜಾಗ ಉಳಿಯಿತಲ್ಲ, ಅಲ್ಲಿ ಬೇರೇನೋ ಇದ್ದರೆ? ನಮ್ಮ ಗ್ಯಾಲಕ್ಸಿಯ ನಡುವಿನ ಈ ಕಾಯದ 2022ರ ಚಿತ್ರ ಬೆಲೆಗೆ ಬರುವುದು ಈಗ: ಅದು ಈ ಜಾಗವನ್ನು ಸುಮಾರು ಆರೂವರೆ ಕೋಟಿ ಕಿ.ಮೀ. ಅಗಲದ ಉಂಗುರಕ್ಕೆ ಇಳಿಸಿತು. ಬುಧನ ಕಕ್ಷೆಯೊಳಗೆ ಆರಾಮವಾಗಿ ಕೂರುವಷ್ಟು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಲೆಕ್ಕ 2015ರ ಸೆಪ್ಟೆಂಬರ್ 14ರದು. ಒಂದನ್ನೊಂದು ಸುತ್ತುತ್ತಿದ್ದ ಎರಡು ಕಾಯಗಳಿಂದ ಅಮೆರಿಕದ ಲೈಗೊ ವೀಕ್ಷಣಾಲಯಕ್ಕೆ ಬಂದ ಗುರುತ್ವ ಅಲೆ (ಜಾಗವೇ ಹಿಗ್ಗಿ ಕುಗ್ಗುವ ಅಲೆ) 0.2 ಸೆಕೆಂಡಿನಲ್ಲಿ 35 ಹರ್ಟ್ಸ್‌ನಿಂದ 250ಕ್ಕೆ ಏರಿತು. ಆ ಏರಿಕೆಯ ವೇಗದಿಂದಲೇ ಒಟ್ಟು ರಾಶಿ ಸುಮಾರು 70 ಸೂರ್ಯರಷ್ಟು ಎಂದು ಸಿಕ್ಕಿತು. ಅಲೆ ಅತಿ ಜೋರಾಗಿದ್ದಾಗ 150 ಹರ್ಟ್ಸ್. ಒಂದು ಸುತ್ತಿಗೆ ಎರಡು ಅಲೆ ಹೊರಡುವುದರಿಂದ ಸುತ್ತಿದ್ದು ಸೆಕೆಂಡಿಗೆ 75 ಸಲ (ಈ ಅರ್ಧ ಮಾಡುವುದನ್ನು ಮರೆಯುವವರೇ ಜಾಸ್ತಿ). ಮತ್ತೆ ಕೆಪ್ಲರ್: ಎರಡರ ನಡುವಿನ ಅಂತರ 350 ಕಿ.ಮೀ. ಎರಡೂ ಕಪ್ಪುಕುಳಿಗಳಾದರೆ ತ್ರಿಜ್ಯಗಳನ್ನು ಕೂಡಿದರೆ 210 ಕಿ.ಮೀ., ಅಂತೂ ಹಿಡಿಸುತ್ತವೆ. ಬೇರೆ ಯಾವ ನಕ್ಷತ್ರವಾಗಿದ್ದರೂ ಅಷ್ಟು ಹತ್ತಿರ ಬರುವ ಮೊದಲೇ ಡಿಕ್ಕಿ ಹೊಡೆದಿರಬೇಕು. ನ್ಯೂಟ್ರಾನ್ ನಕ್ಷತ್ರ (ಸತ್ತ ನಕ್ಷತ್ರದ ಗಟ್ಟಿ ತಿರುಳು) ಚಿಕ್ಕದೇನೋ ಹೌದು, ಆದರೆ ಮೂರು ಸೂರ್ಯರ ಭಾರವನ್ನೂ ಅದು ತಡೆಯದು.

ಮೇಲ್ಮೈ ಇದೆಯೋ ಇಲ್ಲವೋ ಅನ್ನುವುದು ಬೇರೆ ತಕರಾರು. ಸಂಗಾತಿ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುವ ನ್ಯೂಟ್ರಾನ್ ನಕ್ಷತ್ರದ ಮೈಮೇಲೆ ಅದು ಗಂಟೆಗಟ್ಟಲೆ ಶೇಖರವಾಗಿ, ಅಡಿಯಲ್ಲಿ ಬಿಸಿ ಒತ್ತಡ ಹೆಚ್ಚಿ, ಒಮ್ಮೆಗೇ ಹೊತ್ತಿ ಕ್ಷ-ಕಿರಣ ಸಿಡಿಯುತ್ತದೆ. ಹೀಗೆಯೇ ಅನಿಲ ಎಳೆಯುವ, ಆದರೆ ಮೂರು ಸೂರ್ಯರಿಗಿಂತ ಭಾರವಾದ ಕಾಯಗಳಲ್ಲಿ ಆ ಸಿಡಿತ ಕಂಡಿಲ್ಲ. ಶೇಖರವಾಗಲು ನೆಲವೇ ಇಲ್ಲದಿದ್ದರೆ ಹೊತ್ತಿಕೊಳ್ಳುವುದೇನು?

ಇದು "ಇಲ್ಲ"ದ ಸಾಕ್ಷಿ, ಒಪ್ಪುತ್ತೇನೆ. "ಇದೆ" ಅನ್ನುವ ಸಾಕ್ಷಿ ಬೇಕಾದರೆ ಮಿಡಿತ ಕೇಳಬೇಕು. ಕಪ್ಪುಕುಳಿಯನ್ನು ತಟ್ಟಿದರೆ ಗಂಟೆಯ ಹಾಗೆ ಮಿಡಿದು ಸುಮ್ಮನಾಗುತ್ತದೆ ಎಂದು 1970ರಲ್ಲೇ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಲೆಕ್ಕ ಹಾಕಿ ತೋರಿಸಿದ್ದರು. ಸ್ವರ ನಿಂತಿರುವುದು ಕುಳಿಯ ರಾಶಿ ಮತ್ತು ಗಿರಕಿಯ ಮೇಲೆ, ತಟ್ಟಿದ್ದು ಏನು ಅನ್ನುವುದರ ಮೇಲಲ್ಲ. ಕಷ್ಟ ಏನೆಂದರೆ ಅದು ಬೇಗ ಸತ್ತುಹೋಗುತ್ತದೆ. 2015ರಲ್ಲಿ ಎರಡು ಸೇರಿ ಆದ ಕುಳಿಗೆ ಸ್ವರ 250 ಹರ್ಟ್ಸ್, ಆಯುಸ್ಸು 4 ಮಿಲಿಸೆಕೆಂಡ್. ಒಂದು ಅಲೆ ಪೂರ್ತಿಯಾಗುವಷ್ಟರಲ್ಲಿ ಸದ್ದು ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ, ಉಳಿದದ್ದು ಗದ್ದಲದಲ್ಲಿ ಮುಳುಗುತ್ತದೆ. 2025ರ ಜನವರಿ 14ರಂದು ಬಂದ ಅಲೆ ಅದಕ್ಕಿಂತ ಮೂರು ಪಟ್ಟು ಸ್ಪಷ್ಟವಾಗಿತ್ತು. ಮುಖ್ಯ ಸ್ವರದ ಜೊತೆ ಅದರ ಮೇಲಿನ ಸ್ವರವೂ ಸಿಕ್ಕಿತು, ಎರಡೂ ಗಣಿತಜ್ಞ ರಾಯ್ ಕೆರ್ 1963ರಲ್ಲಿ ಲೆಕ್ಕದಲ್ಲಿ ಕೊಟ್ಟ ಗಿರಕಿ ಹೊಡೆಯುವ ಕಪ್ಪುಕುಳಿಗೆ ಹೊಂದುತ್ತವೆ. ದಿಗಂತದ (ದಾಟಿದರೆ ಬೆಳಕೂ ಹಿಂದಿರುಗದ ಗಡಿಯ) ಜಾಗದಲ್ಲಿ ಗಟ್ಟಿ ಗೋಡೆ ಇದ್ದರೆ ಮಿಡಿತದ ಹಿಂದೆ ಪ್ರತಿಧ್ವನಿ ಬರಬೇಕು. ಹುಡುಕಿದ್ದಾರೆ, ಎಲ್ಲರೂ ಒಪ್ಪುವಂಥದ್ದು ಸಿಕ್ಕಿಲ್ಲ.

ಇನ್ನು ಕುಳಿಯ ನಟ್ಟನಡುವಿನ ಬಿಂದು, ಸಾಂದ್ರತೆ ಅನಂತವಂತೆ. ಅದನ್ನು "ಇದೆ" ಅನ್ನುವವರ ಜೊತೆ ನಾನಿಲ್ಲ. ಲೆಕ್ಕ ಕೈಚೆಲ್ಲಿದ ಜಾಗ ಅದು, ವಸ್ತುವಲ್ಲ.

ಮಲಗುವ ಮುಂಚೆ ಚಿಕ್ಕವಳು ಬಾಗಿಲಲ್ಲಿ ನಿಂತು ಇನ್ನೊಂದು ಎಸೆದು ಹೋದಳು: "ಹೊರಗಿಂದ ನೋಡೋರಿಗೆ ಒಳಗೆ ಬೀಳೋದು ಯಾವತ್ತೂ ಬಿದ್ದು ಮುಗಿಯಲ್ವಂತೆ. ಹಾಗಾದ್ರೆ ಕುಳಿ ಆಗಿದ್ದು ಯಾವಾಗ?" ಒಳ್ಳೆಯ ಪೆಟ್ಟು. ಬೀಳುವುದು ಮುಗಿಯುವುದಿಲ್ಲ ನಿಜ, ಆದರೆ ಅದರ ಬೆಳಕು ಮುಗಿಯುತ್ತದೆ. ಹತ್ತು ಸೂರ್ಯರ ಕುಳಿಯಾದರೆ ಪ್ರತಿ ಮಿಲಿಸೆಕೆಂಡಿಗೂ ಹತ್ತಾರು ಪಟ್ಟು ಮಂಕು. ಒಂದು ಸೆಕೆಂಡ್ ಕಳೆಯುವಷ್ಟರಲ್ಲಿ ಕಾಣಲು ಒಂದು ಫೋಟಾನ್ ಕೂಡ ಉಳಿದಿರುವುದಿಲ್ಲ. ಹಾಗಂತ "ಆಗಿದೆ" ಅನ್ನಬಹುದಾ, ಇಲ್ಲ "ಆದಂತೆಯೇ" ಅಂತ