ಸಾಕ್ಷ್ಯಚಿತ್ರದಿಂದ ಆರಂಭಿಸುವವರಿಗೆ

ಅಮೆರಿಕದಲ್ಲಿ ಸ್ವತಂತ್ರವಾಗಿ ಸಿನಿಮಾ ಮಾಡಬೇಕೆಂದು ಹೊರಡುವ ವಲಸಿಗನಿಗೆ ಎದುರಾಗುವ ಮೊದಲ ತಡೆ ಬಹಳಷ್ಟು ಸಲ ಕಲೆಯದ್ದಲ್ಲ, ಕಾಗದಪತ್ರಗಳದ್ದು. ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲಿರುವವರು ತಮಗಾಗಿ ಅರ್ಜಿ ಹಾಕಿದ ಸಂಸ್ಥೆಗಷ್ಟೇ ದುಡಿಯಬಹುದಾದ್ದರಿಂದ, ಬೇರೆಯವರ ಚಿತ್ರಕ್ಕೆ ಸಂಕಲನ ಮಾಡಿಕೊಟ್ಟು ಸಂಭಾವನೆ ಪಡೆಯುವುದೂ ಅವರಿಗೆ ಸಾಧ್ಯವಿಲ್ಲ. ಈ ಹಾದಿಯಲ್ಲಿರುವ ನನಗೆ ಧೈರ್ಯ ಕೊಟ್ಟದ್ದು ಚಿತ್ರನಿರ್ದೇಶಕಿ ಮೀರಾ ನಾಯರ್ ಅವರ ಆರಂಭದ ವರ್ಷಗಳು.

1957ರಲ್ಲಿ ರೂರ್ಕೆಲಾದಲ್ಲಿ ಹುಟ್ಟಿ, ವಿದ್ಯಾರ್ಥಿವೇತನದ ನೆರವಿನಿಂದ ಹಾರ್ವರ್ಡ್ ಸೇರಿದ ಅವರು, ನೇರವಾಗಿ ಕಥಾಚಿತ್ರಕ್ಕೆ ಕೈಹಾಕದೆ ಸಾಕ್ಷ್ಯಚಿತ್ರಗಳಲ್ಲಿ ವರ್ಷಗಟ್ಟಲೆ ಪಳಗಿದರು. ನ್ಯೂಯಾರ್ಕಿನಲ್ಲಿ ಪತ್ರಿಕೆ ಮಾರುವ ಭಾರತೀಯನೊಬ್ಬನನ್ನೂ ತಾಯ್ನಾಡಿನಲ್ಲಿ ಅವನಿಗಾಗಿ ಕಾದಿರುವ ಹೆಂಡತಿಯನ್ನೂ ಕುರಿತ ಅವರ ಚಿತ್ರದ ವಸ್ತು ನನ್ನನ್ನು ಇಂದಿಗೂ ಕಾಡುತ್ತದೆ. ವಲಸೆಯ ನೋವನ್ನು ತೋರಿಸಲು ದೊಡ್ಡ ಸೆಟ್ಟು ಬೇಕಿಲ್ಲ, ಒಂದೇ ಸಂಸಾರದ ಎರಡು ತುದಿಗಳಲ್ಲೂ ಕ್ಯಾಮೆರಾ ಹಿಡಿದು ನಿಲ್ಲುವ ತಾಳ್ಮೆ ಬೇಕು. ಆ ತಾಳ್ಮೆಯೇ ಮುಂದೆ ‘ಸಲಾಂ ಬಾಂಬೆ!’ಗೂ ಒದಗಿತು ಎಂದು ನಾನು ನಂಬುತ್ತೇನೆ. ಬೀದಿಯ ಮಕ್ಕಳಿಗೆ ಕಾರ್ಯಾಗಾರ ನಡೆಸಿ, ಅವರಿಂದಲೇ ನಟನೆ ಮಾಡಿಸಿದ ಆ ಚಿತ್ರಕ್ಕೆ 1988ರ ಕಾನ್ ಚಿತ್ರೋತ್ಸವದಲ್ಲಿ, ಚೊಚ್ಚಲ ಚಿತ್ರಗಳಿಗೆ ಮೀಸಲಾದ ಕ್ಯಾಮೆರಾ ದೋರ್ ಪ್ರಶಸ್ತಿ ದೊರೆಯಿತು.

ಹೀಗಾಗಿ, ಹಣ ಹೂಡುವವರಿಗಾಗಿ ಕಾಯುತ್ತಾ ಚಿತ್ರಕಥೆಯನ್ನು ತಿದ್ದುತ್ತಲೇ ಕೂರುವ ಗೆಳೆಯರಿಗೆ ನಾನು ಹೇಳುವುದಿಷ್ಟೆ: ನಿಮ್ಮಂತೆಯೇ ವಲಸೆ ಬಂದ ಒಬ್ಬರ ದುಡಿಮೆಯ ದಿನವನ್ನು, ಅವರ ಒಪ್ಪಿಗೆ ಪಡೆದು, ಈ ವಾರವೇ ಚಿತ್ರೀಕರಿಸಲು ತೊಡಗಿ. ಧ್ವನಿಮುದ್ರಣಕ್ಕೆ ಒಳ್ಳೆಯ ಮೈಕು ಮಾತ್ರ ಮರೆಯದೆ ಹೊಂದಿಸಿಕೊಳ್ಳಿ, ಏಕೆಂದರೆ ಮಸುಕಾದ ದೃಶ್ಯವನ್ನು ಸಹಿಸಿಕೊಳ್ಳುವ ಪ್ರೇಕ್ಷಕರೂ ಕೇಳಿಸದ ಮಾತನ್ನು ಸಹಿಸುವುದಿಲ್ಲ.