ತಿಥಿ ಮನೆಯಲ್ಲಿ ಬಡಿಸುವವರ ಮಾತು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮದುವೆ, ಗೃಹಪ್ರವೇಶಗಳ ಜೊತೆಗೆ ತಿಥಿಯ ಅಡುಗೆಯನ್ನೂ ಒಪ್ಪಿಕೊಂಡು ಮಾಡಿಸುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಮನೆಯಲ್ಲಿ 11ನೆಯ ದಿನದ ಕಾರ್ಯ ಮುಗಿದು, ಪಾತ್ರೆಗಳನ್ನು ಗಾಡಿಗೆ ಏರಿಸುತ್ತಿದ್ದ ಹೊತ್ತಿನಲ್ಲಿ, ನಮ್ಮ ಬಡಿಸುವ ಹುಡುಗನೊಬ್ಬ ತೀರಿಕೊಂಡವರ ಮಗನ ಕೈಗೆ ನಮ್ಮ ಕಾರ್ಡು ಕೊಟ್ಟು, "ಮುಂದಿನ ಕಾರ್ಯಕ್ಕೂ ನಮ್ಮನ್ನೇ ಕರೀರಿ ಅಣ್ಣ" ಎಂದುಬಿಟ್ಟ. ಮದುವೆ ಮನೆಗಳಲ್ಲಿ ಹೊರಡುವಾಗ ಹಾಗೆ ಹೇಳಬೇಕೆಂದು ಅವನಿಗೆ ಕಲಿಸಿದ್ದವನು ನಾನೇ. ಜಗಲಿಯ ಮೇಲಿದ್ದ ಮಾತೆಲ್ಲ ನಿಂತುಹೋಯಿತು. ಮಗ ಕಾರ್ಡು ಹಿಡಿದುಕೊಂಡೇ ಒಳಕೋಣೆಯ ಕಡೆ ನೋಡಿದರು. ಅಲ್ಲಿ ಅವರ ತಾಯಿ ಹಾಸಿಗೆ ಹಿಡಿದು ಮಲಗಿದ್ದರು.

ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ತೀರಿಕೊಂಡವರ ಅಕ್ಕ ಆ ಹುಡುಗನನ್ನು ಹತ್ತಿರ ಕರೆದು, "ಮುಂದಿನ್ದು ನಂದೇ ಕಣ್ ಮಗಾ, ಈಗ್ಲೇ ಬರ್ಕೊ. ಬಾಡು ಮಾತ್ರ ಚೆನ್ನಾಗಿ ಬೇಯ್ಸು, ನಂಗೆ ಹಲ್ಲಿಲ್ಲ" ಎಂದರು. ಮೊದಲು ನಕ್ಕವರು ಆ ಮಗನೇ. ಆಮೇಲೆ ಜಗಲಿಯೆಲ್ಲ ನಕ್ಕಿತು, ನಗುತ್ತಲೇ ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ತಮ್ಮನನ್ನು ಕಳೆದುಕೊಂಡ ಆ ಅಜ್ಜಿ ಅಂದು ನಮ್ಮ ಹುಡುಗನ ಮಾನವನ್ನೂ ಮನೆಯವರ ಮನಸ್ಸನ್ನೂ ಒಂದೇ ಮಾತಿನಲ್ಲಿ ಕಾಪಾಡಿದರು.

ಅದೇ ಮಾತನ್ನು ನಾನು ಆಡಿದ್ದರೆ ಏನಾಗುತ್ತಿತ್ತೆಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಸಾವಿನ ಮನೆಯಲ್ಲಿ ನಗುವಿಗೆ ಜಾಗವಿದೆ, ಆದರೆ ಅದನ್ನು ಶುರುಮಾಡುವ ಹಕ್ಕು ಅಳುವ ಹಕ್ಕಿದ್ದವರಿಗೆ ಮಾತ್ರ ಇದೆ ಎಂಬುದು ನನಗೆ ಅರ್ಥವಾದದ್ದು ಅಲ್ಲಿಯೇ. ತುಂಬು ಬಾಳು ಬಾಳಿ ಮೊಮ್ಮಕ್ಕಳನ್ನು ಕಂಡು ಹೋದವರನ್ನು ನಮ್ಮ ಕಡೆ ತಮಟೆ ಬಾರಿಸಿ, ಪುರಿ ಮತ್ತು ಚಿಲ್ಲರೆ ಕಾಸು ಎರಚಿ ಕಳಿಸಿಕೊಡುತ್ತಾರೆ. ಮುಂದೆ ಕುಣಿಯುವವರನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಅದೇ ಬೀದಿಯಲ್ಲಿ ಹರೆಯದವರೊಬ್ಬರು ಹೋದರೆ ಬಕೆಟ್ಟಿಗೆ ಸೌಟು ತಾಗಿದ ಸದ್ದೂ ಹೆಚ್ಚೆನಿಸುತ್ತದೆ. ಆದ್ದರಿಂದ ಮುಂಗಡ ಪಡೆಯುವಾಗ ಎಲೆಗಳ ಲೆಕ್ಕಕ್ಕಿಂತ ಮೊದಲು ತೀರಿಕೊಂಡವರು ಯಾರು, ವಯಸ್ಸೆಷ್ಟು, ಹೇಗೆ ಹೋದರು ಎಂಬುದನ್ನು ಮೆಲ್ಲಗೆ ತಿಳಿದುಕೊಂಡು, ಬಡಿಸುವ ಹುಡುಗರಿಗೂ ಹೇಳಿಯೇ ಕರೆದೊಯ್ಯುತ್ತೇನೆ.

ಎಡೆಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ತೀರಿಕೊಂಡವರಿಗೆ ಇಷ್ಟವಾಗಿದ್ದನ್ನೆಲ್ಲ ಎಡೆಯಲ್ಲಿ ಇಡುತ್ತಾರೆ: ಮುದ್ದೆ, ಸಾರು, ಕಜ್ಜಾಯ, ಕೋಡುಬಳೆ, ಎಲೆ ಅಡಿಕೆ, ಕೆಲವರಿಗೆ ಬೀಡಿ, ಕೆಲವರಿಗೆ ಬಾಟಲಿಯೂ ಉಂಟು. 3ನೆಯ ದಿನ ಹಾಲು ತುಪ್ಪ ಬಿಡಲು ಮಣ್ಣು ಮಾಡಿದ ಜಾಗಕ್ಕೆ ಹೋದಾಗ, ಇಟ್ಟದ್ದನ್ನು ಕಾಗೆ ಮುಟ್ಟುವವರೆಗೂ ಎಲ್ಲರೂ ದೂರ ನಿಂತು ಕಾಯುತ್ತಾರೆ. ಒಮ್ಮೆ ಕಾಗೆ ಬೇಲಿಯ ಮೇಲೆಯೇ ಕುಳಿತು ಬಾರದಿದ್ದಾಗ, ಹಿರಿಯರೊಬ್ಬರು ತಮ್ಮ ಜೇಬಿನಿಂದ ಬೀಡಿ ತೆಗೆದು, ಹಚ್ಚಿ, ಎಡೆಯ ಪಕ್ಕದಲ್ಲಿಟ್ಟು, "ತಗಳಪ್ಪ, ಇದ್ಕೇ ಕಾಯ್ತಿದ್ದೆ ಅಂತ ಗೊತ್ತು" ಎಂದರು. ಸ್ವಲ್ಪ ಹೊತ್ತಿಗೆ ಕಾಗೆ ಇಳಿಯಿತು. ಅಲ್ಲಿದ್ದವರು ನಕ್ಕದ್ದು ಸತ್ತವರ ಮೇಲಿನ ಸಲಿಗೆಯಿಂದ. ನಮ್ಮ ಕಡೆಯವರು ಅಂಥ ಹೊತ್ತಿನಲ್ಲಿ ತಲೆ ತಗ್ಗಿಸಿ ನಿಂತಿರಬೇಕು. ಜೊತೆಗೂಡಿ ನಗಬಾರದು, ಮುಖ ಗಂಟಿಕ್ಕಿಕೊಂಡು ಅವರ ನಗುವನ್ನು ತಡೆಯಲೂಬಾರದು.

ಆ ಹುಡುಗ ಕಾರ್ಡು ಕೊಟ್ಟ ದಿನದಿಂದ ನಮ್ಮ ತಂಡದ ಮಾತುಗಳೇ ಬೇರೆಯಾದವು. "ಹೋಗಿ ಬರ್ತೀವಿ" ಎನ್ನುವಂತಿಲ್ಲ, ಏಕೆಂದರೆ ಮತ್ತೆ ಬರುವುದೆಂದರೆ ಇನ್ನೊಂದು ಸಾವಿಗೆ ಬರುವುದೆಂದೇ ಆ ಮನೆಯಲ್ಲಿ ಕೇಳಿಸುತ್ತದೆ; ಕೈಮುಗಿದು ಸುಮ್ಮನೆ ಹೊರಡುತ್ತೇವೆ. ಮದುವೆಯಲ್ಲಿ ಮಾಡುವಂತೆ ಇನ್ನೊಂದು ಹಾಕಿಸಿಕೊಳ್ಳಿ ಎಂದು ಒತ್ತಾಯಿಸುವುದಿಲ್ಲ, ಆದರೆ ಕೇಳಿದವರಿಗೆ ಒಂದು ಕ್ಷಣವೂ ತಡಮಾಡುವುದಿಲ್ಲ. ಅಡುಗೆ ಹೇಗಿತ್ತೆಂದು ಯಾರನ್ನೂ ಕೇಳುವುದಿಲ್ಲ. ಕಾರ್ಡು ಕೊಡುವುದನ್ನು ಬಿಟ್ಟೇಬಿಟ್ಟೆವು.

ಅಡುಗೆಯ ಪಟ್ಟಿಯನ್ನು ನಾವಾಗಿಯೇ ಊಹಿಸುವುದೂ ತಪ್ಪು. ಒಕ್ಕಲಿಗರ ಮನೆಗಳಲ್ಲಿಯೇ ಕೆಲವರು 11ನೆಯ ದಿನ ಬಾಡೂಟ ಹಾಕಿಸಿದರೆ, ಕೆಲವರು ಅಂದು ಸಿಹಿಯೂಟ ಮಾಡಿಸುತ್ತಾರೆ. ಲಿಂಗಾಯತರ ಮನೆಯ ಶಿವಗಣಾರಾಧನೆಗೂ ಬ್ರಾಹ್ಮಣರ ಮನೆಯ 13ನೆಯ ದಿನದ ವೈಕುಂಠ ಸಮಾರಾಧನೆಗೂ ಕ್ರಮವೇ ಬೇರೆ. ಬ್ರಾಹ್ಮಣರ ಶ್ರಾದ್ಧದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ, ಖಾರಕ್ಕೆ ಮೆಣಸಿನಕಾಯಿಯ ಬದಲು ಕಾಳುಮೆಣಸು ಬೀಳುತ್ತದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾರ್ಯ ಮುಗಿಸಿ ಬರುವ ಮನೆಯವರಿದ್ದರೆ ಎಲೆ ಹಾಕುವ ಹೊತ್ತನ್ನು ನಾವು ನಿಶ್ಚಯಿಸುವಂತಿಲ್ಲ. ಸಾವಿನ ಸುದ್ದಿ ಕೇಳಿದವರು ಕರೆಯಿಲ್ಲದೆಯೂ ಬರುತ್ತಾರಾದ್ದರಿಂದ, 500 ಎಲೆ ಎಂದು ಹೇಳಿದ ಕಡೆ ನಾನು 600ಕ್ಕೆ ಸಾಮಾನು ತರಿಸುತ್ತೇನೆ.

ಹಾಗೆ ತರಿಸಿದರೂ ಕೊನೆಯ ಪಂಕ್ತಿಯ ಹೊತ್ತಿಗೆ ಸಾರು ತಳ ಕಾಣುವುದುಂಟು, ಮತ್ತು ಆ ಪಂಕ್ತಿಯಲ್ಲಿ ಕೂರುವವರು ಬೆಳಗಿನಿಂದ ಬಂದವರನ್ನೆಲ್ಲ ಮಾತಾಡಿಸಿ ದಣಿದ ಆ ಮನೆಯ ಹೆಂಗಸರು. ಅವರಿಗೆಂದು ಒಂದು ಪಾತ್ರೆ ಸಾರನ್ನೂ ಹಿಟ್ಟು ಒಣಗದಂತೆ ಬಟ್ಟೆ ಹೊದಿಸಿದ ಮುದ್ದೆಗಳನ್ನೂ ಮೊದಲೇ ಎತ್ತಿಡುತ್ತೇವೆ. ಗಂಡನನ್ನು ಕಳೆದುಕೊಂಡಾಕೆ ಎರಡು ತುತ್ತು ಉಂಡು ಏಳುವವರೆಗೆ ಒಲೆ ಆರಿಸುವಂತಿಲ್ಲ, ಪಾತ್ರೆ ತೊಳೆಯುವ ಸದ್ದು ಮಾಡುವಂತಿಲ್ಲ. ಕಾರ್ಡು ಕೊಟ್ಟ ಆ ಹುಡುಗ ಈಗ ನನ್ನ ತಂಡದ ಹಿರಿಯರಲ್ಲಿ ಒಬ್ಬ. ತಿಥಿ ಮನೆಗಳಲ್ಲಿ ಕೊನೆಯ ಪಂಕ್ತಿಗೆ ಅವನೊಬ್ಬನೇ ಬಡಿಸುತ್ತಾನೆ.